ಸೇದತಿಯೋ, ತಿಕ್ಕತಿಯೋ?

ಸತ್ತೆವ್ವನ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ಅಕ್ಕುತಾಯಿ ನರ ಹುಡುಕುತ್ತಿದ್ದಾರೆ. ನಿಪ್ಪಾಣಿಯ ಓಣಿಗೆ ಇನ್ನೂ ಬೆಳಕು ಇಳಿದಿಲ್ಲ. ಬೆಳಗಿನ ಗುಳಿಗೆ ನುಂಗುವ ಮೊದಲೇ ರಕ್ತ ತೆಗೆಯಬೇಕು, ಅದನ್ನು ಬರ್ಫದ ಥರ್ಮಾಸಿನಲ್ಲಿಟ್ಟು ಕೊಲ್ಲಾಪುರದ ಪ್ರಯೋಗಾಲಯಕ್ಕೆಂದು ಏಳೂವರೆಯ ಬಸ್ಸಿಗೆ ಮುಟ್ಟಿಸಬೇಕು.

"ಮೆಲ್ಲಗ ಚುಚ್ಚಬೇ. ನಿನಗಿಂತ ಸೊಳ್ಳಿ ಶಾಣ್ಯಾ ಐತಿ."

"ಸೊಳ್ಳಿ ಬರಕೊಳ್ಳೂದಿಲ್ಲ, ನಾ ಬರಕೊಳ್ತೀನಿ. ನಿನ್ನೆ ಗುಳಿಗಿ ಎಷ್ಟ ಗಂಟೆಕ್ಕ ತಗೊಂಡಿ?"

ತಂಬಾಕು ವಖಾರಿಗಳ ಧೂಳಿನಿಂದ ಉಬ್ಬಸ ಹತ್ತಿದ ಹೆಂಗಸರೇ ಡಾಕ್ಟರ್ ರಾಜಾರಾಮರ ದವಾಖಾನೆಗೆ ಹೆಚ್ಚು. ಅವರಿಗೆ ಕೊಡುವ ಗುಳಿಗೆ ಬಲು ಹಟಮಾರಿ. ಕಡಿಮೆಯಾದರೆ ಉಬ್ಬಸ ಬಿಡುವುದಿಲ್ಲ, ತುಸು ಹೆಚ್ಚಾದರೆ ಎದೆ ಹೊಡೆದುಕೊಳ್ಳುತ್ತದೆ. ಅದಕ್ಕೇ ಮೂರು ವರ್ಷದ ಹಿಂದೆ, ತೊಂಬತ್ತೊಂದರಲ್ಲಿ, ಇಲ್ಲಿಗೆ ಕಂಪ್ಯೂಟರ್ ಬಂತು. ವಯಸ್ಸು, ತೂಕ, ಚಟ, ರಕ್ತದಲ್ಲಿರುವ ಔಷಧಿಯ ಮಟ್ಟ ಕೊಟ್ಟರೆ ಅದು ಗುಳಿಗೆಯ ಪ್ರಮಾಣ ಹೇಳುತ್ತದೆ. ಆ ಮಾಹಿತಿಯ ಚೀಟಿ ತುಂಬುವವರು ಅಕ್ಕುತಾಯಿ. ದಿನಕ್ಕೆ ಐದಾರು ಮನೆ, ಎಲ್ಲವೂ ನಡಿಗೆಯಲ್ಲೇ. ಹನ್ನೆರಡು ವರ್ಷ ತಂಬಾಕು ಜರಡಿ ಹಿಡಿದ ಕೈ ಅವರದು. ಮೆಟ್ರಿಕ್ ಮುಗಿಸಿದ್ದು ಮದುವೆಯಾದ ಮೇಲೆ.

ಕಳೆದ ಶ್ರಾವಣದಲ್ಲಿ ಸತ್ತೆವ್ವ ಮೊದಲ ಸಲ ಬಂದಾಗ ಕಂಪ್ಯೂಟರ್ ದೊಡ್ಡ ಪ್ರಮಾಣವನ್ನೇ ಹೇಳಿತು. ನಾಲ್ಕನೆಯ ದಿನ ಆಕೆಗೆ ವಾಂತಿ, ಕೈನಡುಕ. ರಕ್ತದಲ್ಲಿ ಔಷಧಿ ಮಿತಿ ಮೀರಿತ್ತು. ಗುಳಿಗೆ ನಿಲ್ಲಿಸಿದರೆ ಮತ್ತೆ ಉಬ್ಬಸ, ಗೋಡೆಗೊರಗಿ ಕೂತೇ ನಿದ್ದೆ. ಅಕ್ಕುತಾಯಿಯೇ ಹೊತ್ತು ತಪ್ಪಿ ರಕ್ತ ತೆಗೆದಿದ್ದಾರೆ ಎಂಬ ದೂರು ಎದ್ದಿತು.

"ತಪ್ಪಾದಾಗ ಎಲ್ಲಾರಿಗೂ ನನ್ನ ಹೆಸರ ನೆನಪಾತ್ರಿ," ಎಂದು ಅವರು ಈಗ, ಈ ಕೆಲಸದ ಬಗ್ಗೆ ಬರೆಯಲು ಬಂದ ನನ್ನೆದುರು, ನಗುತ್ತಾರೆ. "ಚೀಟಿ ಮ್ಯಾಲ ಮಾತ್ರ ಇರಲಿಲ್ಲ."

ದೂರು ಬಂದ ಮರುದಿನ ಬೆಳಿಗ್ಗೆ ಅವರು ಬಚ್ಚಲಲ್ಲಿ ನಿಂತು ಮಶೇರಿ, ಅಂದರೆ ಸುಟ್ಟ ತಂಬಾಕಿನ ಪುಡಿ, ಹಲ್ಲಿಗೆ ತಿಕ್ಕುತ್ತಿದ್ದರು. ಬೆರಳು ಬಾಯಲ್ಲೇ ನಿಂತಿತು. ಚೀಟಿಯಲ್ಲಿ 'ತಂಬಾಕು: ಹೌದು, ಇಲ್ಲ' ಎಂದಷ್ಟೇ ಇತ್ತು. ನಿಪ್ಪಾಣಿಯಲ್ಲಿ ಇಲ್ಲ ಎನ್ನುವ ಹೆಂಗಸು ಯಾರು? ಬಾಯಿ ಮುಕ್ಕಳಿಸಿ ನೇರ ದವಾಖಾನೆಗೆ ಹೋದರು.

"ಡಾಕ್ಟರ್ರ, ನಿಮ್ಮ ಮಶೀನ ತಂಬಾಕಂದ್ರ ಏನ ತಿಳಕೊಂಡೈತಿ?"

ಡಾಕ್ಟರು ಕಂಪ್ಯೂಟರಿನ ಪುಸ್ತಕ ತೆರೆದು ಓದಿದರು. ಬೀಡಿ ಸಿಗರೇಟಿನ ಹೊಗೆ ಎಳೆಯುವವರ ಮೈ ಈ ಔಷಧಿಯನ್ನು ಬೇಗ ಹೊರಹಾಕುತ್ತದೆ. ಅಂಥವರಿಗೆ ಹೆಚ್ಚು ಬೇಕು. ಸತ್ತೆವ್ವ ಮಶೇರಿ ತಿಕ್ಕುವವಳು, ಹುಟ್ಟಿದಾಗಿನಿಂದ ಒಂದು ಬೀಡಿ ಹಚ್ಚಿದವಳಲ್ಲ. ಪುಸ್ತಕದ 'ಸ್ಮೋಕಿಂಗ್' ಅನ್ನು ಕನ್ನಡದ ಚೀಟಿಯಲ್ಲಿ 'ತಂಬಾಕು' ಎಂದು ಬರೆದವರು ಡಾಕ್ಟರೇ. "ತಪ್ಪು ನಂದವಾ," ಎಂದರು.

ಹೊಸ ಲೆಕ್ಕದಲ್ಲಿ ಗುಳಿಗೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು, ಮುಂದಿನ ರಕ್ತದಲ್ಲಿ ಔಷಧಿ ಮಿತಿಯೊಳಗೆ ಬಂತು. ಹಳೆಯ ಚೀಟಿಗಳಲ್ಲಿ ಇನ್ನೂ ಹದಿನೇಳು 'ಹೌದು' ಸಿಕ್ಕವು. ಎರಡೇ ದಿನದಲ್ಲಿ ಹದಿನೇಳೂ ಮನೆಯ ಕಟ್ಟೆ ಹತ್ತಿ ಅಕ್ಕುತಾಯಿ ಕೇಳಿದ್ದು ಒಂದೇ ಮಾತು: "ಸೇದತಿಯೋ, ತಿಕ್ಕತಿಯೋ?" ಹನ್ನೊಂದು ಜನರ ಪ್ರಮಾಣ ಬದಲಾಯಿತು. ಈಗ ಅದೇ ಪ್ರಶ್ನೆ ಚೀಟಿಯಲ್ಲಿ ಅಚ್ಚಾಗಿದೆ.

"ಬೇಡಕಿಹಾಳ ಊರಾಗ ಮಗಳ ಮನಿಗೆ ಹೋಗಿದ್ನಿರಿ," ಸತ್ತೆವ್ವ ನನಗೆ ಹೇಳುತ್ತಾಳೆ. "ಸ್ಟ್ಯಾಂಡಿನಿಂದ ನಡಕೋತ ಹೋದ್ನಿ. ನಡುವ ಎಲ್ಲೂ ಕುಂದರಲಿಲ್ಲ."

ಅಕ್ಕುತಾಯಿ ಹತ್ತಿ ಒತ್ತಿ ಆಕೆಯ ಕೈ ಮಡಚುತ್ತಾರೆ. ಚೀಟಿಯ ಕೊನೆಯಲ್ಲಿ 'ಮಾಹಿತಿ ಬರೆದವರು' ಎಂಬ ಗೆರೆಯಿದೆ, ಅದನ್ನು ತುಂಬು ಎಂದು ಯಾರೂ ಹೇಳಿಲ್ಲ, ಮೂರು ವರ್ಷದಿಂದ ಖಾಲಿ. ಪೆನ್ನು ಅದರ ಮೇಲೆ ನಿಲ್ಲುತ್ತದೆ. ಅವರು ಓಣಿಯ ಕಡೆ ಒಮ್ಮೆ ನೋಡಿ, ಒಂದೊಂದೇ ಅಕ್ಷರ ದುಂಡಗೆ ತಿದ್ದಿ ತಮ್ಮ ಪೂರ್ತಿ ಹೆಸರು ಬರೆಯುತ್ತಾರೆ. ಸತ್ತೆವ್ವನಿಗೆ ಓದಲು ಬರುವುದಿಲ್ಲ. ಚೀಟಿ ಮಡಚಿ, ಥರ್ಮಾಸು ಎತ್ತಿಕೊಂಡು, ಅವರು ಬಸ್ಸಿಗೆ ನಡೆಯುತ್ತಾರೆ.