ತಳದವರೆಗೂ ನೋಡಿದ್ದೆ

ನಾನು ಮೋಸ ಹೋಗಲಿಲ್ಲ, ಮೋಸ ಮಾಡಿದೆ. ಮೂರು ವರ್ಷದಿಂದ ಊರಿನವರು ‘ಪಾಪ, ಓದಿದವಳಿಗೇ ಟೋಪಿ ಹಾಕಿದರಲ್ಲ’ ಎಂದು ನನಗಾಗಿ ಮರುಗುತ್ತಿದ್ದಾರೆ — ನಾನೂ ತಲೆ ಬಗ್ಗಿಸಿ ಅದನ್ನು ಕೇಳಿಸಿಕೊಂಡೇ ಬಂದಿದ್ದೇನೆ. ಸಾಕು. ಆ ಕನಿಕರ ನನಗೆ ಬೇಡ.

ಆಲೂರಿನ ಒಂದು ಕಾಫಿ ಡಿಪೋದಲ್ಲಿ ನನ್ನ ಕೆಲಸ. ಬೆಳೆಗಾರರು ಒಣಗಿಸಿ ತಂದ ಕಾಫಿ ಹಣ್ಣಿನ, ಅಂದರೆ ಚೆರಿಯ, ಮೂಟೆಗೆ ಕೊಳವೆ ಚುಚ್ಚಿ, ಬಾಯಿಂದಷ್ಟು, ನಡುವಿನಿಂದಷ್ಟು, ತಳದಿಂದಷ್ಟು ತೆಗೆದು, ಸಿಪ್ಪೆ ಬಿಡಿಸಿ, ಮಾಲು ಹೇಗಿದೆ ಎಂದು ಹೇಳಬೇಕು. ಬಾಯಲ್ಲಿ ಎಲ್ಲರ ಮೂಟೆಯೂ ಚೆನ್ನಾಗಿಯೇ ಇರುತ್ತದೆ. ಒಳ್ಳೆಯದನ್ನು ಮೇಲೆ ಸುರಿದಿರುತ್ತಾರೆ. ತಳ ನೋಡದೆ ನಾನು ಮಾತಾಡಿದವಳೇ ಅಲ್ಲ. ಯಾರ ಕಡೆಗೂ ವಾಲುವುದಿಲ್ಲ ಎಂಬ ಹೆಸರಿತ್ತು ನನಗೆ. ಆ ಹೆಸರನ್ನೇ ನಾನು ಬಳಸಿಕೊಂಡದ್ದು.

ಮೊಬೈಲಿನಲ್ಲಿ ಹೋಟೆಲು, ಹೋಮ್‌ಸ್ಟೇಗಳಿಗೆ ಸ್ಟಾರ್ ಕೊಟ್ಟರೆ ದುಡ್ಡು ಬರುತ್ತದೆ ಎಂಬ ಒಂದು ಗುಂಪಿಗೆ ಸೇರಿದ್ದೆ. ಮೊದಲ ವಾರ ಬಂತು ಕೂಡ. ಆಮೇಲೆ, ದೊಡ್ಡ ಕೆಲಸ ಬೇಕಾದರೆ ಮೊದಲು ನೀವೇ ದುಡ್ಡು ಕಟ್ಟಿ ಎಂದರು; ಕಟ್ಟಿದೆ. ಒಂದು ದಿನ ಪಟ್ಟಿಯಲ್ಲಿ ದೋಣಿಗಲ್ಲಿನ ಹೋಮ್‌ಸ್ಟೇ ಬಂತು. ದೋಣಿಗಲ್ ನನ್ನ ತವರು. ಚಿತ್ರದಲ್ಲಿ ನೋಡಿದರೆ ಮನೆಯ ಹಿಂದೆ ಸಮುದ್ರ! ನಮ್ಮ ಘಾಟಿಗೆ ಸಮುದ್ರ ತಂದ ಪುಣ್ಯಾತ್ಮರು ಯಾರಪ್ಪ ಎಂದು ಒಬ್ಬಳೇ ನಕ್ಕೆ. ನಕ್ಕು — ಐದು ಸ್ಟಾರ್ ಒತ್ತಿದೆ. ‘ಅಲೆಗಳ ಸದ್ದು ಹಿತವಾಗಿದೆ’ ಎಂದೂ ಬರೆದೆ. ಎಲ್ಲವೂ ಸುಳ್ಳು ಎಂದು ನನಗೆ ಆಗಲೇ ಗೊತ್ತಾಗಿತ್ತು.

ಕಟ್ಟಿದ್ದನ್ನು ವಾಪಸ್ ಕೇಳಿದೆ. ಇನ್ನೊಬ್ಬರನ್ನು ಸೇರಿಸಿದರೆ ನಿಮ್ಮದು ಬರುತ್ತದೆ ಎಂದರು. ಅದೇ ವಾರ ಮಗ್ಗೆಯ ರತ್ನಕ್ಕ ಚೆರಿ ತಂದಳು. ಒಂದಿಷ್ಟು ಕಾಫಿ ಗಿಡ, ಒಂದು ಕರೆಯುವ ಹಸು, ಅಷ್ಟರಲ್ಲೇ ಒಬ್ಬಳೇ ಸಂಸಾರ ತೂಗಿಸುವವಳು. ನಾನು ಸ್ಟಾರ್ ಒತ್ತುವುದನ್ನು ನೋಡಿದ್ದಳು.

“ನಂಗೂ ಸೇರೋ ಆಸೆ ಐತೆ ಕಣವ್ವ. ಚೆರಿ ನೋಡ್ದಂಗೆ ಇದ್ನೂ ನೋಡಿ ಹೇಳ್ಬುಡು — ದಿಟವಾದ್ದೋ, ಟೋಪಿ ಹಾಕೋದೋ? ನೀನ್ ಹೇಳಿದ್ರೆ ಮುಗೀತು.”

“ತಳದವರ್ಗೂ ನೋಡಿದೀನಿ ಕಣಕ್ಕ. ನಂಬ್ಬೋದು.”

ಎರಡನೇ ಮಾತು ಕೇಳಲಿಲ್ಲ ಅವಳು. ಹಸು ಮಾರಿ ಸೇರಿದಳು. ಹದಿನೈದು ದಿನದೊಳಗೆ ಗುಂಪೇ ಮಾಯ. ನನ್ನದೂ ಹೋಯಿತು — ಆದರೆ ಅದನ್ನು ಇಲ್ಲಿ ಎಳೆದು ತರುವುದಿಲ್ಲ.

ಪಂಚಾಯಿತಿಯಲ್ಲಿ ಜಾಗೃತಿ ಸಭೆ ಇಟ್ಟು, ಮೋಸ ಹೋದವಳೆಂದು ನನ್ನ ಕೈಗೇ ಮೈಕು ಕೊಟ್ಟರು. ಅತ್ತುಬಿಟ್ಟೆ. ಮುಂದಿನ ಸಾಲಿನಲ್ಲಿ ರತ್ನಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು, ನನಗಾಗಿ! ಸಭೆ ಮುಗಿದ ಮೇಲೆ “ನಿಂದೇನ್ ತಪ್ಪೈತೆ, ನಿಂಗೂ ಹಿಂಗೇ ಮಾಡ್ಬುಟ್ರಲ್ಲ ಪಾಪಿಗಳು” ಎಂದು ಬೆನ್ನು ಸವರಿದಳು. ಅವಳ ಇನ್ನೊಂದು ಕೈಯಲ್ಲಿ ಅಂಗಡಿಯಿಂದ ತಂದ ಹಾಲಿನ ಪ್ಯಾಕೆಟ್ ಇತ್ತು.

ಇಂಥವನ್ನು ಗುರುತು ಹಿಡಿಯುವುದು ಹೇಗೆ ಎಂದು ಎಲ್ಲರೂ ನನ್ನನ್ನು ಕೇಳುತ್ತಾರೆ. ಅದೇನು ಮಹಾ ಕಷ್ಟ? ದುಡಿಯಲು ಬಂದವರಿಂದಲೇ ದುಡ್ಡು ಕೇಳಿದರೆ ಮುಗಿಯಿತು, ಎದ್ದು ಬನ್ನಿ. ಆದರೆ ಗೊತ್ತಿದ್ದೂ ಕರೆಯುವ ನನ್ನಂಥವಳನ್ನು — ಎದುರಿಗೆ ಕೂತು ಅಕ್ಕ ಎನ್ನುವವಳನ್ನು — ಹೇಗೆ ಗುರುತು ಹಿಡಿಯುತ್ತೀರಿ?

ಈ ಶುಕ್ರವಾರ ಮತ್ತೆ ಸಭೆ, ಮತ್ತೆ ನನಗೇ ಮೈಕು. ನಿಜ ಗೊತ್ತಿರುವುದು ನನ್ನ ಗಂಡನೊಬ್ಬನಿಗೆ. “ಬಾಯ್ಬಿಟ್ರೆ ನಾಳೆ ಡಿಪೋದಲ್ಲಿ ಯಾರೂ ನಿನ್ ಮಾತ್ ನಂಬಲ್ಲ ಕಣೇ, ಸುಮ್ನಿದ್ಬುಡು” ಅನ್ನುತ್ತಾನೆ. ನಂಬದಿರಲಿ. ನಂಬಿದ್ದಕ್ಕೇ ಅಲ್ಲವೇ ರತ್ನಕ್ಕನ ಕೊಟ್ಟಿಗೆ ಖಾಲಿಯಾದದ್ದು?

ಅಂದು ಅಳುವುದಿಲ್ಲ. ಅವಳ ಮುಖ ನೋಡಿ ಇಷ್ಟು ಹೇಳುತ್ತೇನೆ: ರತ್ನಕ್ಕ, ತಳದವರೆಗೂ ನೋಡಿದ್ದೇನೆ ಅಂದೆನಲ್ಲ — ಅದು ಸುಳ್ಳಲ್ಲ. ನೋಡಿದ್ದೆ. ಪೂರ್ತಿ ಹುಳುಕು ಅಂತ ಗೊತ್ತಿತ್ತು. ಗೊತ್ತಿದ್ದೇ ನಿನ್ನನ್ನು ಸೇರಿಸಿದೆ. ಇನ್ನು ನನಗಾಗಿ ಅಳಬೇಡ.