ಪಾಸಾದ ಬೋಟನ್ನು ಬಿಚ್ಚಿಸಿದ ಸಂಕಪ್ಪ

ಬೆಳಗಿನ ನಾಲ್ಕೂಮುಕ್ಕಾಲು. ಗಲ್ಫಿನ ಹಮದ್ ಬಂದರಿನ ಆಚೆಗಿರುವ ಸಣ್ಣ ರಿಪೇರಿ ಯಾರ್ಡಿನಲ್ಲಿ ಸಂಕಪ್ಪ ಕುಂದರ್ ಬೂಟು ಬಿಚ್ಚುತ್ತಿದ್ದಾರೆ. ಬೂಟಿಲ್ಲದೆ ಬೋಟು ಹತ್ತಬಾರದೆಂಬುದು ಯಾರ್ಡಿನ ಕಾನೂನು. ಬೂಟು ಹಾಕಿಕೊಂಡು ಹತ್ತಬಾರದೆಂಬುದು ಅವರ ಊರು ಹೆಜಮಾಡಿಯ ಮೀನುಗಾರರ ಕಾನೂನು. ಐವತ್ತೊಂಬತ್ತರ ಸಂಕಪ್ಪ ಇಪ್ಪತ್ತೆರಡು ವರ್ಷಗಳಿಂದ ಎರಡನ್ನೂ ಸಂಭಾಳಿಸಿಕೊಂಡು ಬಂದಿದ್ದಾರೆ. ಡೆಕ್ ಮುಟ್ಟಿ ಕಣ್ಣಿಗೊತ್ತಿಕೊಂಡು, "ಸೇಫ್ಟಿಯವರು ಬರೋದು ಆರಕ್ಕೆ. ಅಷ್ಟರೊಳಗೆ ಒಂದು ಸುತ್ತು ಹಾಕ್ಬಹುದು" ಎಂದು ನಗುತ್ತಾರೆ. ಈ ಅಭ್ಯಾಸಕ್ಕೆ ಸಿಕ್ಕಿದ ಎಚ್ಚರಿಕೆ ಪತ್ರವೊಂದು ಫೈಲಿನಲ್ಲಿದೆ.

ಅವರು ಶಾಫ್ಟ್ ಫಿಟ್ಟರ್. ಎಂಜಿನ್ನಿನಿಂದ ಪ್ರೊಪೆಲ್ಲರಿಗೆ ಹೋಗುವ ಉದ್ದದ ಉಕ್ಕಿನ ದಂಡವನ್ನು ಕೂದಲೆಳೆಯಷ್ಟೂ ಓರೆಯಾಗದಂತೆ ಕೂರಿಸುವ ಕೆಲಸ. ವರ್ಷಕ್ಕೆ ಹದಿನೈದು ಬೋಟು. ನಜ್ಮಾ ಬಡಾವಣೆಯ ಆರು ಮಂದಿಯ ಕೋಣೆಯಿಂದ ಮೂರೂವರೆಗೆ ಹೊರಟರೆ ಸಂಜೆ ಐದಕ್ಕೆ ವಾಪಸು. ಬೋಟಿನ ತಳದ ಇಕ್ಕಟ್ಟಿನಲ್ಲಿ ಮಲಗಿಯೇ ದುಡಿದು ಬಲ ಭುಜ ಸೋತಿದೆ.

ಎರಡು ತಿಂಗಳ ಹಿಂದೆ ಒಂದು ಪುಟ್ಟ ದ್ವೀಪರಾಷ್ಟ್ರದ ಕೋಸ್ಟ್ ಗಾರ್ಡ್ ಬೋಟು ರಿಪೇರಿಗೆ ಬಂತು. ಆ ದೇಶಕ್ಕೆ ಇರುವುದೇ ಅದೊಂದು. ಕಳ್ಳಸಾಗಣೆ ಹಿಡಿಯುವುದೂ ಅದೇ, ದ್ವೀಪಗಳ ಬಸುರಿಯರನ್ನು ಆಸ್ಪತ್ರೆಗೆ ಒಯ್ಯುವುದೂ ಅದೇ. ಅದರ ಮೆಕ್ಯಾನಿಕ್ ಎಲೈಜಾ, ಸಂಕಪ್ಪನವರ ಬುತ್ತಿಯ ಮೀನುಸಾರಿಗೆ ಮನಸೋತು ಮೂರು ವಾರ ಜತೆಗೇ ಉಂಡ. "ಅವನ ಹೆಂಡತಿಗೆ ಎಂಟು ತಿಂಗಳು. ಬೇಗ ಮಾಡಿ ಅಂಕಲ್ ಅಂತ ದಿನಾ ಹೇಳ್ತಿದ್ದ. ನಮಗೂ ಕರುಳು ಉಂಟಲ್ಲ?"

ಆ ಕರುಳೇ ತಪ್ಪು ಮಾಡಿಸಿತು. ಮರದ ದೋಣಿಗಳ ಕಾಲದಿಂದಲೂ ಸಂಕಪ್ಪನವರದು ಒಂದೇ ಪದ್ಧತಿ: ಬೋಟನ್ನು ನೀರಿಗಿಳಿಸಿ ಒಂದು ರಾತ್ರಿ ಸುಮ್ಮನೆ ಬಿಡಬೇಕು, ಅದರ ಮೈ ನೀರಿಗೆ ಹೊಂದಿಕೊಂಡ ಮೇಲೆಯೇ ಶಾಫ್ಟಿನ ಕೊನೆಯ ಬೋಲ್ಟು ಬಿಗಿಯಬೇಕು. ಈ ಸಲ ಇಳಿಸಿದ ಸಂಜೆಯೇ ಬಿಗಿದುಬಿಟ್ಟರು. ಟ್ರಯಲ್ ಪಾಸಾಯಿತು, ಕಂಪನ ಅಳೆಯುವ ಮೀಟರಿನ ಅಂಕಿ ಮಿತಿಯೊಳಗಿತ್ತು, ಕಾಗದಕ್ಕೆ ಸಹಿಯೂ ಬಿತ್ತು. ಹೊರಡುವ ಮುನ್ನ ಬಂದರಿನೊಳಗೆ ಒಂದು ಸುತ್ತು ಓಡಿಸುವಾಗ, ಬರಿಗಾಲಲ್ಲಿ ನಿಂತಿದ್ದ ಸಂಕಪ್ಪನವರ ಅಂಗಾಲಿಗೆ ಸಣ್ಣದೊಂದು ನಡುಕ ತಾಗಿತು.

ಅರವತ್ತರ ಹತ್ತಿರದವರ ಕಾಂಟ್ರಾಕ್ಟನ್ನು ಕಂಪನಿ ವರ್ಷವರ್ಷವೂ ನೋಡಿ ಮುಂದುವರಿಸುತ್ತದೆ. ಅವರ ಕಾಗದ ಆ ವಾರವೇ ಮ್ಯಾನೇಜರರ ಮೇಜಿನ ಮೇಲಿತ್ತು. ಎರಡನೇ ಎಚ್ಚರಿಕೆ ಬಿದ್ದರೆ ಖಲಾಸ್. ಊರಿನಲ್ಲಿ ಮಗಳು ಮೋಕ್ಷಾಳ ನರ್ಸಿಂಗ್ ಓದು ಇನ್ನೊಂದು ವರ್ಷ ಬಾಕಿ. ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.

ಸಂಕಪ್ಪ ನೇರ ಹೋದದ್ದು ಯಾರ್ಡಿನ ಎಂಜಿನಿಯರ್, ಮಂಗಳೂರಿನ ಒಸ್ವಾಲ್ಡ್ ಬಳಿಗೆ. "ಸರ್, ಬಿಚ್ಬೇಕು. ನಾನೇ ಗಡಿಬಿಡಿ ಮಾಡಿದ್ದು."

"ಮೀಟರ್ ಸರಿ ತೋರಿಸ್ತಾ ಉಂಟಲ್ಲ ಸಂಕಪ್ಪಣ್ಣ," ಎಂದರು ಒಸ್ವಾಲ್ಡ್. "ನಿಮ್ಮ ಕಾಗದ ಮೇಲೆ ಹೋಗಿದೆ. ಸ್ವಲ್ಪ ಯೋಚನೆ ಮಾಡಿ."

"ಯೋಚನೆ ಮಾಡಿಯೇ ಬಂದದ್ದು ಮಾರಾಯ್ರೆ."

ಬಿಚ್ಚಿದರೆ, ಶಾಫ್ಟನ್ನು ಹೊತ್ತ ಬೇರಿಂಗಿನ ಒಂದು ಬದಿ ಆಗಲೇ ಸವೆಯತೊಡಗಿತ್ತು. ಬೋಟಿಗೆ ಎರಡು ದಿನ ತಡವಾಯಿತು. ಮೊದಲ ದಿನ ಎಲೈಜಾ ಊಟಕ್ಕೆ ಬರಲಿಲ್ಲ. ಮರುದಿನ ಸವೆದ ಬೇರಿಂಗನ್ನು ಕೈಯಲ್ಲಿ ಹಿಡಿದು ನೋಡಿ, ಎಂದಿನಂತೆ ಊಟಕ್ಕೆ ಬಂದು ಕುಳಿತ. ಎರಡನೇ ಎಚ್ಚರಿಕೆ ಪತ್ರವೂ ಬಂತು. ಒಸ್ವಾಲ್ಡ್ ಹಟ ಹಿಡಿದು ಮೇಲಿನವರಿಗೆ ಮೂರು ಸಲ ಬರೆದರೂ ಕಾಂಟ್ರಾಕ್ಟು ಮುಂದುವರಿಯಲಿಲ್ಲ. ಈ ತಿಂಗಳ ಕೊನೆಗೆ ಸಂಕಪ್ಪ ಊರಿಗೆ ಹೊರಡುತ್ತಾರೆ.

ಮಗಳಿಗೆ ಹೇಳಿದಿರಾ ಎಂದರೆ ಮುಖ ಆಚೆ ತಿರುಗಿಸುತ್ತಾರೆ. "ಹೇಳಿದೆ. ನೀವು ಬನ್ನಿ ಅಪ್ಪ, ನಾನು ಸಂಜೆ ಎಲ್ಲಾದ್ರೂ ಡ್ಯೂಟಿ ಹಿಡಿತೇನೆ ಅಂದ್ಲು. ಫೋನಲ್ಲಿ ಅತ್ತದ್ದು ನಾನೇ."

ಮೊನ್ನೆ ಎಲೈಜಾನ ಸಂದೇಶ ಬಂದಿದೆ: ಹೆಣ್ಣು ಮಗು. ಹೆಂಡತಿಯನ್ನು ಆಸ್ಪತ್ರೆಗೆ ಒಯ್ದದ್ದು ಅದೇ ಬೋಟು. ಆ ಪುಟಾಣಿಯ ಫೋಟೋವನ್ನು ಸಂಕಪ್ಪ ಇಡೀ ಯಾರ್ಡಿಗೇ ತೋರಿಸಿ ಮುಗಿಸಿದ್ದಾರೆ.

ಬೇಜಾರಿಲ್ಲವೇ?

"ಉಂಟು, ಸುಳ್ಳು ಯಾಕೆ ಹೇಳೋದು? ಆದ್ರೆ ನಾನು ಊರಲ್ಲಿ ಇರುವಾಗ ಅಲ್ಲಿ ಯಾವ್ದೋ ಹೆಂಗಸನ್ನು ಮಲಗಿಸಿಕೊಂಡು ಆ ಬೋಟ್ ಓಡ್ತಾ ಇರ್ತದೆ. ನಡುದಾರಿಯಲ್ಲಿ ನಿಲ್ಲೋದಿಲ್ಲ. ಅದು ನಂಗೆ ಗೊತ್ತುಂಟು."