ಬೀಡಿ ಎಲೆಯ ಹೂ

ಐದು ಎಸಳು, ನಡುವೆ ಬೀಡಿ ಕಟ್ಟುವ ಕೆಂಪು ನೂಲಿನ ಗಂಟು. ಮದುವೆಮನೆಯಲ್ಲಿ ಚಿಕ್ಕಮ್ಮ ನನ್ನ ಮುಡಿಯ ಹೂವನ್ನು ಮುಟ್ಟಿ, "ಎಂತ ಚಂದ ಉಂಟು ಮಾರಾಯ್ತಿ, ನೀನೇ ಮಾಡಿದ್ದಾ?" ಎಂದರು. ಹೌದೆಂದೆ.

ಅದನ್ನು ಮಾಡಿ ನನಗೆ ಕೊಟ್ಟವಳು ದೇರೆಬೈಲಿನ ನಮ್ಮ ನೆರೆಮನೆಯ ಗಿರಿಜಾ. ಬೀಡಿ ಕಟ್ಟಿ ಉಳಿದ ಎಲೆಚೂರುಗಳಿಂದ ದಿನಕ್ಕೊಂದು ಹೊಸ ಹೂ ಮಾಡಿ ಮುಡಿಯುತ್ತಾಳೆ. ಬಿ.ಎ. ಪಾಸಾದ ನನಗೆ, ಪುಸ್ತಕ ನೋಡಿ ಒಂದು ಕರವಸ್ತ್ರಕ್ಕೆ ಕಸೂತಿ ಹಾಕಲು ತಿಂಗಳು ಬೇಕು. ಅವಳ ಕೈಗಳನ್ನು ಕಂಡರೆ ನನಗೆ ಬಹಳ ದಿನಗಳಿಂದ ಹೊಟ್ಟೆಕಿಚ್ಚು.

ಮದುವೆ ಮುಗಿಸಿ ಬಂದು ಮನೆಯೆದುರು ಜಟಕಾ ಇಳಿಯುವಾಗ ಅವಳು ಕಾದು ನಿಂತಿದ್ದಳು. "ಹೂ ಯಾರಾದ್ರೂ ನೋಡಿದ್ರಾ ಅಕ್ಕ?"

"ಇಲ್ಲ" ಎಂದೆ.

"ಪರವಾಗಿಲ್ಲ, ನಿಮಗೆ ಇದಕ್ಕಿಂತ ಚಂದದ್ದು ಮಾಡಿ ಕೊಡ್ತೇನೆ."

ಮರುದಿನ ಬೆಳಿಗ್ಗೆ ಅವಳ ಜಗಲಿಗೆ ಹೋಗಿ, ಚಿಕ್ಕಮ್ಮ ಹೂವನ್ನು ಮೆಚ್ಚಿದ್ದನ್ನು ಹೇಳಿದೆ. ನಾನು ಹೌದೆಂದದ್ದನ್ನು ಹೇಳಲು ಬಾಯಿ ಬರಲಿಲ್ಲ.